ಪಹಣಿಯಲ್ಲಿ ಹೆಸರಿಲ್ಲದವರ ಪಾಲು

(ಶ್ರೀನಿವಾಸಪುರದಲ್ಲಿ ರೈತರು ಮತ್ತು ಕೂಲಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಈ ಊರಿನಲ್ಲಿ ಸಂಪತ್ತಿನ ಹಂಚಿಕೆಯ ಮಾತನ್ನು ಮಾವಿನ ತೋಪಿನಿಂದಲೇ ಆರಂಭಿಸಬೇಕು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿ ತನ್ನ ಗಡಿಯೊಳಗೆ ಬರಕೂಡದೆಂದಿತು. ಅಲ್ಲಿನ ತಿರುಳು ಕಾರ್ಖಾನೆಗಳನ್ನೇ ನಂಬಿದ್ದ ನಮ್ಮ ರೈತರು ಬೆಲೆ ಕುಸಿದು ಬೀದಿಗಿಳಿದರು. ಕೊನೆಗೆ ಜುಲೈನಲ್ಲಿ ಕೇಂದ್ರವು ಕ್ವಿಂಟಲಿಗೆ 1,616 ರೂಪಾಯಿ ದರ ಗೊತ್ತುಮಾಡಿ, ರಾಜ್ಯದ 2.5 ಲಕ್ಷ ಟನ್ ಮಾವಿಗೆ ಬೆಲೆಯ ಕೊರತೆ ತುಂಬಿಕೊಡಲು ಒಪ್ಪಿತು. ಹೋರಾಡಿದ್ದು ನ್ಯಾಯ, ಪಡೆದದ್ದೂ ನ್ಯಾಯ.

ಆದರೆ ಆ ಹಣ ಸೇರುವುದು ಬೆಳೆಗಾರನೆಂದು ದಾಖಲೆಯಲ್ಲಿ ಹೆಸರಿರುವವನಿಗೆ. ಕಾಯಿ ಮರದಲ್ಲೇ ಉಳಿದ ದಿನ, ಅದನ್ನು ಕೀಳುವವರ, ಹೊರುವವರ, ಲಾರಿ ತುಂಬುವವರ ಕೂಲಿಯೂ ಹೋಯಿತಲ್ಲವೆ? ಆ ಕೊರತೆಯನ್ನು ತುಂಬುವವರು ಯಾರು?

ಈ ಮರೆವು ಇಂದಿನದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಅಲ್ಲಿ ಎದ್ದ ಕೂಗು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಕಾನೂನಾಗಿ ಜಾರಿಗೆ ಬಂತು. ಗೇಣಿ ಹೋಯಿತು, ಗೇಣಿದಾರ ಒಡೆಯನಾದ. ಅದು ದೊಡ್ಡ ಗೆಲುವೇ ಸರಿ. ಆದರೆ ದಿನಗೂಲಿಯವನಿಗೆ ಆ ಕಾನೂನು ವಾಸದ ಗುಡಿಸಲಿನ ಹಕ್ಕು ಕೊಟ್ಟಿತೇ ಹೊರತು ದುಡಿದ ಹೊಲದ ಹಕ್ಕು ಕೊಡಲಿಲ್ಲ. ಮಿತಿ ಮೀರಿದ ಭೂಮಿಯನ್ನು ಹಂಚುವ ಮಾತೇನೋ ಇತ್ತು. ಕೊನೆಯ ದರ್ಜೆಯ ಖುಷ್ಕಿಯಾದರೆ ಒಂದು ಕುಟುಂಬ 54 ಎಕರೆಯವರೆಗೂ ಇಟ್ಟುಕೊಳ್ಳಬಹುದೆಂದ ಮೇಲೆ, ಒಣಸೀಮೆಯಲ್ಲಿ ಹಂಚಲು ಎಷ್ಟು ಮಿಕ್ಕೀತು? "ಉಳುವವನೇ ಹೊಲದೊಡೆಯ" ಎಂದು ಕೂಗಿದ ನಾವೂ, ಕೂಲಿಗೆ ಉಳುವವನು ಯಾವ ಹೊಲದ ಒಡೆಯನೆಂದು ಸಾಕಷ್ಟು ಕೇಳಲಿಲ್ಲ. ಈ ತಪ್ಪನ್ನು ಒಪ್ಪಿಕೊಂಡೇ ನಾವು ಮುಂದೆ ಹೋಗಬೇಕು.

ಸಣ್ಣ ಹಿಡುವಳಿದಾರರು ಇದು ತಮ್ಮ ಮಾತಲ್ಲವೆಂದು ಎಣಿಸಬಾರದು. 2020ರಲ್ಲಿ ಕಾನೂನು ತಿದ್ದಿ, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದೆಂದರು. ಎರಡು ವರ್ಷ ಬೆಲೆ ಬಿದ್ದು ಸಾಲ ಏರಿದರೆ ಮಾರುವವನು ಯಾರು, ಕೊಳ್ಳುವವನು ಯಾರು? ಮಾರಿದ ಮರುದಿನ ಅವನ ಹೆಸರೂ ಪಹಣಿಯಲ್ಲಿರುವುದಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಬೆಲೆಯ ಕೊರತೆ ತುಂಬುವಾಗ ಕಳೆದುಹೋದ ಕೂಲಿಗೂ ಒಂದು ಪಾಲು ತೆಗೆದಿಡಬೇಕು. ಈ ತಾಲ್ಲೂಕಿನಲ್ಲೇ ಸಹಕಾರಿ ತಿರುಳು ಕಾರ್ಖಾನೆ ಆಗಬೇಕು. ಅದರಲ್ಲಿ ರೈತನಂತೆ ಕೂಲಿಕಾರನೂ ಷೇರುದಾರನಾಗಬೇಕು. ದುಡಿಯುವವರ ಜಮೀನು ಹಣವಂತರ ಪಾಲಾಗದಂತೆ ಕಾನೂನು ತಡೆಯಬೇಕು.

ಮುಂದಿನ ಸುಗ್ಗಿಗೆ ರೈತರು ಬರೆಯುವ ಮನವಿಯಲ್ಲಿ ಕೂಲಿಯ ಮಾತು ಮೊದಲ ಸಾಲಿನಲ್ಲೇ ಇರಲಿ. ಅದನ್ನು ಈ ಸಭೆಯಲ್ಲೇ ನಿರ್ಣಯಿಸಿ ಏಳೋಣ.