ಹಳೇ ಕಾರು ನೋಡಲು ಹೊರಟಾಗ

ಹಳೇ ಕಾರು ನೋಡಲು ಹೋದವರ ಕಣ್ಣು ಮೊದಲು ಬೀಳುವುದು ಬಣ್ಣದ ಮೇಲೆ, ಆಮೇಲೆ ಮೀಟರಿನ ಮೇಲೆ. ಎರಡನ್ನೂ ತಿದ್ದಬಹುದು. ಬರೀ 40,000 ಕಿಲೋಮೀಟರ್ ಓಡಿದೆ ಎನ್ನುವ ಗಾಡಿಯ ಕ್ಲಚ್ ಪೆಡಲ್ಲಿನ ರಬ್ಬರು ನುಣ್ಣಗೆ ಸವೆದಿದ್ದರೆ, ಮೀಟರಿಗಿಂತ ರಬ್ಬರನ್ನೇ ನಂಬಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2319 ಎಂದಿದ್ದರೆ ಆ ಟೈರು 2019ರ 23ನೇ ವಾರದಲ್ಲಿ ತಯಾರಾದದ್ದು. ಗಾಡಿಯನ್ನು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ, ಇನ್ನೊಂದು ದಿನ ಬರುತ್ತೇವೆ ಎನ್ನಲು ಸಂಕೋಚ ಬೇಡ. ಪರಿಚಯದ ಮೆಕ್ಯಾನಿಕ್ ಜೊತೆಗಿರಲಿ. ಚೌಕಾಸಿಯೇನಿದ್ದರೂ ಕಾರಿನ ಬೆಲೆಯಲ್ಲಿ ಮಾಡಿ, ಅವರ ಕೂಲಿಯಲ್ಲಲ್ಲ.

ಕಾಗದಪತ್ರ ಕೇಳುವಾಗ ನಮ್ಮವರಿಗೆ ಯಾಕೋ ದಾಕ್ಷಿಣ್ಯ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ, ಸಾಲ ತೀರಿದೆ ಎಂಬ ಬಾಯಿಮಾತು ಸಾಲದು, ಬ್ಯಾಂಕಿನ ಎನ್‌ಒಸಿ ಬೇಕು. ಹೊರರಾಜ್ಯದ ನಂಬರಿನ ಗಾಡಿ ಅಗ್ಗವಾಗಿ ಕಾಣುತ್ತದೆ. ಕರ್ನಾಟಕದಲ್ಲಿ ಕಟ್ಟಬೇಕಾದ ಜೀವಾವಧಿ ತೆರಿಗೆ ಸೇರಿಸಿ ಲೆಕ್ಕ ಹಾಕಿದರೆ ಎಷ್ಟೋ ಸಲ ಆ ಅಗ್ಗ ಉಳಿಯುವುದಿಲ್ಲ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಬೀಳದೆ ಪೂರ್ತಿ ಹಣ ಎಣಿಸಬೇಡಿ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು 14 ದಿನದೊಳಗೆ ಅರ್ಜಿ ಕೊಡಬೇಕು. ಮಾರಿದವರೂ ನಿಶ್ಚಿಂತೆಯಿಂದ ಕೂರುವಂತಿಲ್ಲ. ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ, ಹೊಸಬರು ಸಿಗ್ನಲ್ ಜಂಪ್ ಮಾಡಿದರೂ ದಂಡದ ನೋಟಿಸು ಹಳೇ ಮಾಲೀಕರ ವಿಳಾಸಕ್ಕೇ ಬರುತ್ತದೆ.