ಮನೆಯ ಜಾಡಿಯೂ ಅಬಕಾರಿ ಕಾನೂನೂ



ಕಳೆದ ಕ್ರಿಸ್‌ಮಸ್ ಹಬ್ಬಕ್ಕೆ ಮುಂಚೆ ನಮ್ಮ ನೆರೆಮನೆಯ ವೃದ್ಧೆಯೊಬ್ಬರು ಕಪ್ಪು ದ್ರಾಕ್ಷಿಯನ್ನು ಹಿಸುಕಿ, ಸಕ್ಕರೆ ಬೆರೆಸಿ, ಪಿಂಗಾಣಿ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದರು. ಅವರ ಅಜ್ಜಿಯ ಕಾಲದಿಂದ ನಡೆದುಬಂದ ಪದ್ಧತಿಯಂತೆ. “ಇದು ಅಪರಾಧವೆಂದು ಯಾರೋ ಹೇಳಿದರು, ನಿಜವೇ ಮೇಷ್ಟ್ರೇ?” ಎಂದು ನಮ್ಮನ್ನು ಕೇಳಿದರು. ಸಾಹಿತ್ಯದ ಪಾಠ ಹೇಳಿಕೊಂಡಿರುವ ನಮಗೆ ಕೂಡಲೆ ಉತ್ತರ ತೋರಲಿಲ್ಲ. ಆ ಬಳಿಕ ಓದಿ ತಿಳಿದದ್ದನ್ನು ಈ ಹೊತ್ತು ತಮ್ಮ ಮುಂದೆ ಇಡುತ್ತೇವೆ.

ಮದ್ಯವು ಎರಡು ಬಗೆಯಲ್ಲಿ ಹುಟ್ಟುತ್ತದೆ. ಹಣ್ಣಿನ ರಸವನ್ನೋ ಮೊಳೆತ ಧಾನ್ಯದ ಕಷಾಯವನ್ನೋ ಹುಳಿಯಲು ಬಿಟ್ಟರೆ ಅದರೊಳಗಿನ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಮದ್ಯಸಾರವನ್ನು ಬಿಡುತ್ತವೆ. ಅದು ನೂರಕ್ಕೆ ಹದಿನಾಲ್ಕು ಹದಿನೈದು ಪಾಲು ಆಗುವ ಹೊತ್ತಿಗೆ ಸಾಮಾನ್ಯವಾಗಿ ಆ ಜೀವಿಗಳೇ ಸೋತುಹೋಗುತ್ತವೆ. ಇದನ್ನು ಕಾಯಿಸಿ, ಆವಿಯನ್ನು ತಣಿಸಿ ಹಿಡಿಯುವುದು ಬಟ್ಟಿ ಇಳಿಸುವ ಕೆಲಸ. ಅದಕ್ಕೆ ಅಂಥ ಮಿತಿಯಿಲ್ಲ, ಬೆಂಕಿಯ ಭಯವೂ ಉಂಟು. ಅನೇಕ ದೇಶಗಳ ಕಾನೂನು ಜಾಡಿಯನ್ನು ಕ್ಷಮಿಸಿ ಬಟ್ಟಿಯನ್ನು ಕ್ಷಮಿಸದಿರುವುದಕ್ಕೆ ಇದೊಂದು ಕಾರಣ. ಬೊಕ್ಕಸದ ಆದಾಯ ಇನ್ನೊಂದು. ಅದೇ ದೊಡ್ಡದೆಂದು ನಮಗೆ ತೋರುತ್ತದೆ.

ಇಂಗ್ಲೆಂಡಿನ ಸಂಗತಿಯನ್ನೇ ನೋಡೋಣ. 1821-22ರಲ್ಲಿ ಬಿಡಿ ಸಂಚಿಕೆಗಳಾಗಿ ಬಂದ ವಿಲಿಯಂ ಕಾಬೆಟ್ಟನ ‘ಕಾಟೇಜ್ ಎಕಾನಮಿ’ ಆರಂಭವಾಗುವುದೇ ಮನೆಯಲ್ಲಿ ಬಿಯರು ಮಾಡುವ ವಿಚಾರದಿಂದ. ಮೊಳೆತ ಯವದ ಮೇಲಿನ ಸುಂಕವು ಕೂಲಿಯವನ ಮನೆಯಿಂದ ಬಿಯರಿನ ಪೀಪಾಯಿಯನ್ನು ಓಡಿಸಿ ಚಹದ ಪಾತ್ರೆಯನ್ನು ತಂದಿಟ್ಟಿತೆಂಬುದು ಅವನ ಕೋಪ. (ಚಹದ ಮೇಲೆ ಅವನಿಗಿದ್ದ ದ್ವೇಷವನ್ನು ಕಾಫಿಪ್ರಿಯರಾದ ನಾವು ಕ್ಷಮಿಸಬಹುದು.) 1880ರಲ್ಲಿ ಗ್ಲ್ಯಾಡ್‌ಸ್ಟನ್ನನು ಆ ಸುಂಕವನ್ನು ತೆಗೆದು ಬಿಯರಿನ ಮೇಲೆಯೇ ತೆರಿಗೆ ಹಾಕಿದನು, ಮನೆಯಲ್ಲಿ ಮಾಡುವವರು ಲೈಸೆನ್ಸು ಪಡೆಯಬೇಕಾಯಿತು. ಆ ಲೈಸೆನ್ಸು ರದ್ದಾದದ್ದು 1963ರಲ್ಲಿ. ಮಾರುವ ಸ್ವಾತಂತ್ರ್ಯ ಆಗಲೂ ಬರಲಿಲ್ಲ.

ಅಮೆರಿಕದ ಕಥೆ ಇನ್ನೂ ವಿಚಿತ್ರ. 1920ರಿಂದ 1933ರವರೆಗೆ ಅಲ್ಲಿ ಪಾನನಿರೋಧವಿದ್ದಾಗ, ಮನೆಯಲ್ಲಿ ಹಣ್ಣಿನ ರಸ ಮಾಡಿಕೊಳ್ಳುವುದಕ್ಕೆ ಶಾಸನದಲ್ಲೇ ಒಂದು ಕಿಂಡಿಯಿತ್ತು. ಗಟ್ಟಿಮಾಡಿದ ದ್ರಾಕ್ಷಿರಸವನ್ನು ಮಾರುವವರು ‘ಹೀಗೆ ಮಾಡಬೇಡಿ, ದ್ರಾಕ್ಷಾರಸ ಮದ್ಯವಾದೀತು’ ಎಂದು ಎಚ್ಚರಿಸುವ ನೆಪದಲ್ಲಿ ಮಾಡುವ ಕ್ರಮವನ್ನೇ ಕಲಿಸುತ್ತಿದ್ದರು! ನಿರೋಧ ಮುಗಿದ ಮೇಲೆ ಮನೆಯ ದ್ರಾಕ್ಷಾಮದ್ಯಕ್ಕೆ ಅನುಮತಿ ದೊರೆಯಿತು, ಬಿಯರಿಗೆ ದೊರೆಯಲಿಲ್ಲ. ಆ ಲೋಪ ತಿದ್ದಿದ್ದು 1978ರಲ್ಲಿ: ಪ್ರಾಪ್ತವಯಸ್ಕ ಒಬ್ಬನೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್ನು, ಇಬ್ಬರು ಅಥವಾ ಹೆಚ್ಚು ಮಂದಿಯಿದ್ದರೆ 200. ಬಟ್ಟಿಯನ್ನು ಆ ಶಾಸನ ಮುಟ್ಟಲಿಲ್ಲ. ನ್ಯೂಜಿಲೆಂಡು ಮಾತ್ರ 1996ರಲ್ಲಿ, ಸ್ವಂತ ಉಪಯೋಗಕ್ಕೆ ಬಟ್ಟಿ ಇಳಿಸಿಕೊಳ್ಳಲೂ ಬಿಟ್ಟಿತು.

ಇನ್ನು ನಮ್ಮಲ್ಲಿ. ಮಾದಕ ಪಾನೀಯಗಳ ವಿಷಯ ಸಂವಿಧಾನದ ಪ್ರಕಾರ ರಾಜ್ಯಗಳಿಗೆ ಸೇರಿದ್ದು. ಪಾನನಿರೋಧಕ್ಕೆ ಯತ್ನಿಸಬೇಕೆಂದು 47ನೆಯ ವಿಧಿಯ ನಿರ್ದೇಶವೂ ಇದೆ. ಕರ್ನಾಟಕದ 1965ರ ಅಬಕಾರಿ ಕಾಯಿದೆಯು ಲೈಸೆನ್ಸಿಲ್ಲದೆ ಮದ್ಯ ತಯಾರಿಸಕೂಡದೆನ್ನುತ್ತದೆ; ಮದ್ಯಸಾರವುಳ್ಳ ದ್ರವವೆಲ್ಲವೂ ಅದರ ಅರ್ಥದಲ್ಲಿ ಮದ್ಯವೇ. ಆ ಮಾತಿನ ಮುಂದೆ ಅಜ್ಜಿಯ ಜಾಡಿಗೂ ಕಾರ್ಖಾನೆಯ ತೊಟ್ಟಿಗೂ ಭೇದವಿಲ್ಲ.

ಕಠಿಣತೆಗೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಆದರೆ ಇಂಥ ದುರಂತಗಳಲ್ಲಿ ಸಾಮಾನ್ಯವಾಗಿ ಕೊಲ್ಲುವುದು ಮಾರಾಟಗಾರ ಲಾಭಕ್ಕಾಗಿ ಬೆರೆಸುವ ಮೆಥನಾಲ್ ಎಂಬ ಕಾರ್ಖಾನೆಯ ವಿಷ; ಹುಳಿಸಿದ ದ್ರಾಕ್ಷಿರಸದಲ್ಲಿ ಅದು ಲೇಶಮಾತ್ರ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಮಗೆ ನ್ಯಾಯವಾಗಿ ಕಾಣುವುದಿಲ್ಲ. ಮಾರಾಟಕ್ಕಲ್ಲದ ಇಷ್ಟು ಸೇರಿಗೆ ತೊಂದರೆಯಿಲ್ಲ ಎಂದು ಶಾಸನವೇ ಹೇಳಿಬಿಟ್ಟರೆ, ಗೃಹಸ್ಥರು ಅಧಿಕಾರಿಯ ದಾಕ್ಷಿಣ್ಯವನ್ನು ನೆಚ್ಚಿ ಬಾಳಬೇಕಾಗಿಲ್ಲ.

ಆ ವೃದ್ಧೆಗೆ ಇಷ್ಟನ್ನೂ ವಿವರಿಸಿದೆವು. “ಹಾಗಾದರೆ ತಪ್ಪೇ ಅನ್ನಿ” ಎಂದರು. ಕಾನೂನಿನ ಮಾತಿಗೆ ಹೌದೆಂದೆವು. ಅವರು ಮತ್ತೇನೂ ಕೇಳಲಿಲ್ಲ. ಎದ್ದು ಹೋಗಿ ಜಾಡಿಯನ್ನು ಒಳಕೋಣೆಗೆ ಸಾಗಿಸಿದರು.