ಒಂದೇ ಟವರು, ಎರಡು ಪರದೆ
(ಬೀದರ ನಗರದಲ್ಲಿ ಭಾಲ್ಕಿ, ಔರಾದ ಭಾಗದ ರೈತರು ಹಾಗೂ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಬೆಟ್ಟದ ಸೀಮೆಯಿಂದ ಬಂದ ಕೃಷಿ ವಿಜ್ಞಾನಿ ಮಣ್ಣು, ನೀರು, ತೊಗರಿಗಳನ್ನು ಬಿಟ್ಟು ಮೊಬೈಲ್ ಡೇಟಾದ ವಿಷಯ ಎತ್ತಿಕೊಂಡದ್ದು ತಮಗೆ ವಿಚಿತ್ರವೆನಿಸಬಹುದು. ಆದರೆ ನೆಲ, ಜಲ, ಅಡವಿಗಳಂತೆ ಗಾಳಿಯಲ್ಲಿ ಸಾಗುವ ತರಂಗಗಳೂ ಸಾರ್ವಜನಿಕ ಸ್ವತ್ತು. 1995ರಲ್ಲಿ ಕ್ರಿಕೆಟ್ ಪ್ರಸಾರಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೀಗೆಂದು ತೀರ್ಪಿತ್ತಿದೆ. ಸಾರ್ವಜನಿಕ ಸ್ವತ್ತೆಂದ ಮೇಲೆ ಹಂಚಿಕೆಯ ಪ್ರಶ್ನೆ ಬಂದೇ ಬರುತ್ತದೆ.

ಹಂಚಿಕೆಯ ಪಾಠವನ್ನು ಬೀದರಿನವರಿಗೆ ಹೊರಗಿನವರು ಹೇಳಬೇಕಾಗಿಲ್ಲ. ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ. ನೆಲದಡಿಯ ಆ ಸುರಂಗದಲ್ಲಿ ಇಳಿಜಾರಿನ ಬಲದಿಂದಲೇ ನೀರು ಹರಿಯುತ್ತದೆ. ಒಸರುವಷ್ಟೇ ನೀರು, ಮೇಲಿನವರು ಹೆಚ್ಚು ಎತ್ತಿದರೆ ಕೆಳಗಿನವರಿಗೆ ಕಡಿಮೆ. ಮೊಬೈಲ್ ಟವರಿನ ಧಾರಣಶಕ್ತಿಯೂ ಇಂಥದೇ. ಆ ಕ್ಷಣದಲ್ಲಿ ಅದಕ್ಕೆ ಜೋಡಿಸಿಕೊಂಡ ಎಲ್ಲರೂ ಅದನ್ನು ಹಂಚಿಕೊಳ್ಳಬೇಕು. ರಾತ್ರಿ ಎಂಟು ಗಂಟೆಗೆ ಫೋನಿನಲ್ಲಿ ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿದ್ದರೂ ವಿಡಿಯೊ ನಿಂತು ನಿಂತು ಓಡುವುದೇಕೆ? ಗೆರೆಗಳು ಸಿಗ್ನಲ್ಲಿನ ಬಲವನ್ನು ತೋರಿಸುತ್ತವೆಯೇ ಹೊರತು ನಮ್ಮ ಪಾಲಿಗೆ ಉಳಿದದ್ದೆಷ್ಟು ಎಂಬುದನ್ನಲ್ಲ.

ಈಗ ಪರದೆಯ ಲೆಕ್ಕಕ್ಕೆ ಬರೋಣ. ಚಿಕ್ಕ ಪರದೆಗೆ ಸಾಕಾಗುವ 480 ಸಾಲುಗಳ ಚಿತ್ರದಲ್ಲಿ ಸುಮಾರು 4.1 ಲಕ್ಷ ಚುಕ್ಕೆಗಳಿರುತ್ತವೆ. ಲ್ಯಾಪ್‌ಟಾಪಿನ 1080 ಸಾಲುಗಳ ಚಿತ್ರದಲ್ಲಿ 20.7 ಲಕ್ಷ, ಅಂದರೆ ಐದು ಪಟ್ಟು. ಮೊದಲನೆಯದಕ್ಕೆ ಸೆಕೆಂಡಿಗೆ ಒಂದು ಮೆಗಾಬಿಟ್, ಎರಡನೆಯದಕ್ಕೆ ನಾಲ್ಕು ಮೆಗಾಬಿಟ್ ಬೇಕೆಂದು ಇಟ್ಟುಕೊಳ್ಳಿ. ದಿನಕ್ಕೆ 1.5 ಜಿಬಿ ಪ್ಯಾಕ್ ಉಳ್ಳವರು ಮೊದಲನೆಯ ರೀತಿಯಲ್ಲಿ 3 ಗಂಟೆ 20 ನಿಮಿಷ ಪಾಠ ಕೇಳಬಹುದು. ಎರಡನೆಯ ರೀತಿಯಲ್ಲಿ 50 ನಿಮಿಷಕ್ಕೆ ಡೇಟಾ ಬರಿದು.

ತಪ್ಪು ಲ್ಯಾಪ್‌ಟಾಪಿನದಲ್ಲ. ಫೋನಿನಲ್ಲೂ 1080 ಇಟ್ಟು ನೋಡಿದರೆ ಅಷ್ಟೇ ಡೇಟಾ ಸೋರುತ್ತದೆ, ಆದರೆ ಅಂಗೈಯಗಲದ ಪರದೆಯಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಕಷ್ಟ. ವ್ಯತ್ಯಾಸವಿರುವುದು ಸ್ವಭಾವದಲ್ಲಿ. ಫೋನು ತಾನು ಮೊಬೈಲ್ ಡೇಟಾ ಬಳಸುತ್ತಿದ್ದೇನೆಂದು ಅರಿತು ಮಿತವ್ಯಯ ಮಾಡಬಲ್ಲದು. ಅದೇ ಫೋನಿನ ಹಾಟ್‌ಸ್ಪಾಟಿಗೆ ಜೋಡಿಸಿದ ಲ್ಯಾಪ್‌ಟಾಪ್ ಅನೇಕ ವೇಳೆ ತಾನು ಮನೆಯ ವೈಫೈಯಲ್ಲಿದ್ದೇನೆಂದೇ ಭಾವಿಸುತ್ತದೆ. ಚಿತ್ರದ ಗುಣಮಟ್ಟವನ್ನು ತಾನಾಗಿ ಏರಿಸುತ್ತದೆ. ಹಿಂದಿನಿಂದ ಸದ್ದಿಲ್ಲದೆ ಅಪ್‌ಡೇಟುಗಳನ್ನು ಇಳಿಸಿಕೊಳ್ಳುತ್ತದೆ. ಕಾಲುವೆಯ ತೂಬನ್ನು ತೆರೆದಿಟ್ಟು ಮನೆಗೆ ಹೋದಂತೆ!

ವಿದ್ಯುತ್ತಿನ ಮಾತನ್ನೂ ಹೇಳಬೇಕು. ಒಂದು ಸಿನಿಮಾ ನೋಡಿದರೆ ಜಗತ್ತೇ ಸುಟ್ಟುಹೋಗುತ್ತದೆಂಬ ಉತ್ಪ್ರೇಕ್ಷೆಯ ಅಂಕಿಗಳು ಕೆಲವು ವರ್ಷಗಳ ಹಿಂದೆ ಹರಿದಾಡಿದವು. 2020ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ವಿಶ್ಲೇಷಣೆ ಅವನ್ನು ತಿದ್ದಿತು. ಅದರ ಪ್ರಕಾರ ಹೆಚ್ಚಿನ ವಿದ್ಯುತ್ತು ವ್ಯಯವಾಗುವುದು ನೋಡುವ ಉಪಕರಣದಲ್ಲಿಯೇ. 50 ಇಂಚಿನ ಟಿವಿ ಲ್ಯಾಪ್‌ಟಾಪಿನ ಐದು ಪಟ್ಟು, ಫೋನಿನ ನೂರು ಪಟ್ಟು ಕಬಳಿಸುತ್ತದೆ. ಪರಿಸರದ ಹೆಸರಿನಲ್ಲಿ ನಾವು ಸುಳ್ಳು ಲೆಕ್ಕ ಹೇಳಬಾರದು. ನಿಜವಾದ ಲೆಕ್ಕವೇ ಸಾಕಷ್ಟು ಬುದ್ಧಿ ಹೇಳುತ್ತದೆ.

ಇಲ್ಲಿ ಪಣಕ್ಕಿರುವುದು ಮನರಂಜನೆಯಷ್ಟೇ ಅಲ್ಲ. ಔರಾದಿನ ಗಡಿಹಳ್ಳಿಯ ರೈತ ತನ್ನ ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆಯ ಆ್ಯಪಿಗೆ ಚಿತ್ರ ಏರಿಸಬೇಕು. ಮುಂಗಾರಿನ ಮೋಡ ಕವಿದಾಗ ಪುಣೆಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಆ್ಯಪಿನ ಸಿಡಿಲಿನ ಮುನ್ಸೂಚನೆ ಅವನಿಗೆ ತಲುಪಬೇಕು. ಈ ಸಂದೇಶಗಳ ಗಾತ್ರ ತೀರ ಚಿಕ್ಕದು. ಆದರೆ ಟವರು ತುಂಬಿ ತುಳುಕುವಾಗ ಚಿಕ್ಕದೂ ಸಾಲಿನಲ್ಲಿ ಕಾಯಬೇಕಾಗುತ್ತದೆ. ಕಾರಂಜಾ ಕಾಲುವೆಯ ಕೊನೆಯ ಹೊಲದವನ ಸಂಕಟ ಭಾಲ್ಕಿಯವರಿಗೆ ಗೊತ್ತು. ತರಂಗಗಳ ಕಾಲುವೆಗೂ ಕೊನೆಯ ಹೊಲವೊಂದಿದೆ.

ಹಾಗೆಂದು ವಿದ್ಯಾರ್ಥಿಗಳು ಲ್ಯಾಪ್‌ಟಾಪ್ ಮುಚ್ಚಿಡಬೇಕೆ? ಖಂಡಿತ ಬೇಡ. ನಕಾಶೆ, ಕೋಷ್ಟಕಗಳನ್ನು ಓದಲು ದೊಡ್ಡ ಪರದೆ ಬೇಕೇ ಬೇಕು. ನನ್ನ ಸಲಹೆಗಳು ಮೂರೇ. ಹಾಟ್‌ಸ್ಪಾಟಿಗೆ ಜೋಡಿಸಿದೊಡನೆ ಲ್ಯಾಪ್‌ಟಾಪಿನ ಸೆಟ್ಟಿಂಗಿನಲ್ಲಿ ಅದು ಮಿತ ಡೇಟಾದ ಸಂಪರ್ಕವೆಂದು ಗುರುತು ಹಾಕಿ, ಪಾಠವನ್ನು 480ರಲ್ಲಿ ನೋಡಿ. ಹತ್ತು ಮಂದಿ ನೋಡುವ ಪಾಠವನ್ನು ಅನುಮತಿ ಇದ್ದಲ್ಲಿ ಒಬ್ಬರು ಬೆಳಗಿನ ಬಿಡುವಿನ ಹೊತ್ತಿನಲ್ಲಿ ಇಳಿಸಿಕೊಂಡು ಉಳಿದವರಿಗೆ ಹಂಚಿ. ಮೂರನೆಯದು ಎಲ್ಲರೂ ಕೂಡಿ ಕೇಳಬೇಕಾದ ಹಕ್ಕು. ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ತಂತಿ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ್ದು 2011ರಲ್ಲಿ. ಆ ತಂತಿ ನಿಮ್ಮೂರಿನ ಅರಿವು ಕೇಂದ್ರದವರೆಗೆ ಬಂದಿದೆಯೇ, ಬಂದಿದ್ದರೆ ಜೀವಂತವಾಗಿದೆಯೇ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ದೊಡ್ಡ ಪರದೆಗೆ ತಂತಿ, ಹೊಲದಲ್ಲಿ ನಿಂತವನಿಗೆ ತರಂಗ: ಇದು ನ್ಯಾಯವಾದ ಹಂಚಿಕೆ.